ಉಜ್ಜಿದರೂ ಹೋಗದ ಕಪ್ಪು

ನನ್ನ ಕಾಯಿಲೆಯನ್ನು ಮೊದಲು ಪತ್ತೆ ಹಚ್ಚಿದ್ದು ಹೊಲಿಗೆ ಮಷೀನಿನ ಸೂಜಿ. ಮಧ್ಯಾಹ್ನ ಊಟ ಮುಗಿಸಿ ಬಂದು ಒಂದು ರವಿಕೆಯ ತೋಳು ಕೂಡಿಸುತ್ತ ಕೂತಿದ್ದೆ. ಕಣ್ಣು ಯಾವಾಗ ಮುಚ್ಚಿಕೊಂಡಿತೋ ತಿಳಿಯಲಿಲ್ಲ. ಕಾಲು ಮಾತ್ರ ಮೋಟಾರಿನ ಪೆಡಲ್ ಮೇಲೇ ಇತ್ತು. ಎಚ್ಚರವಾದಾಗ ಎಡಗೈ ತೋರುಬೆರಳಿನ ಉಗುರಿನೊಳಗೆ ಸೂಜಿ ಇಳಿದು ನಿಂತಿತ್ತು. ನಂಜನಗೂಡಿನಲ್ಲಿ ಹದಿನೆಂಟು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ, ಕಲಿಯುವ ಕಾಲದಲ್ಲೂ ಹೀಗೆ ಚುಚ್ಚಿಕೊಂಡವಳಲ್ಲ. ನೋವಿಗಿಂತ ಮೊದಲು ನಾಚಿಕೆಯಾಯಿತು. ಹುಕ್ಸ್ ಹಾಕಿಸಿಕೊಳ್ಳಲು ಕಾದು ಕೂತಿದ್ದ ಗಿರಾಕಿ ಹೆಂಗಸು ಎದ್ದು ಬಂದು ಬಗ್ಗಿ ನೋಡಿ, "ಅಯ್ಯೋ ರತ್ನಕ್ಕ, ರಕ್ತ ಬತ್ತಾ ಅದೆ, ರವಿಕೆಗೆ ಆಗ್ದಂಗೆ ನೋಡ್ಕಳಿ" ಅಂದರು. ಅವರ ಚಿಂತೆ ಅವರಿಗೆ.

ಊಟವಾದ ಮೇಲೆ ತೂಕಡಿಕೆ ಯಾರಿಗೆ ಬರುವುದಿಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೇ ಕೇಳಿಕೊಂಡು ಮೂರು ನಾಲ್ಕು ವರ್ಷ ಕಳೆದಿದ್ದೆ. ನನ್ನದು ಬರೀ ತೂಕಡಿಕೆಯಾಗಿರಲಿಲ್ಲ. ಅನ್ನ ತಿಂದು ಕೈ ತೊಳೆಯುವಷ್ಟರಲ್ಲಿ ತಲೆಯ ಮೇಲೆ ಯಾರೋ ಒದ್ದೆ ಕಂಬಳಿ ಹಾಕಿದ ಹಾಗಾಗುತ್ತಿತ್ತು. ಎರಡು ಗಂಟೆ ಕಳೆಯುವುದರೊಳಗೆ ಮತ್ತೆ ಹಸಿವು, ಅದೂ ಕೈ ನಡುಗುವಂಥ ಹಸಿವು. ಮುಟ್ಟು ಐದು ತಿಂಗಳಿಂದ ದಿಕ್ಕು ತಪ್ಪಿತ್ತು. ವಯಸ್ಸು ನಲವತ್ತಾಗುತ್ತಾ ಬಂತು, ಇದೆಲ್ಲ ಇದ್ದದ್ದೇ ಎಂದು ನನಗೆ ನಾನೇ ಔಷಧಿ ಹೇಳಿಕೊಂಡು ಸುಮ್ಮನಿದ್ದೆ.

ಬೆರಳಿಗೆ ಬಟ್ಟೆ ಸುತ್ತಿಕೊಂಡು ಹತ್ತಿರದ ಕ್ಲಿನಿಕ್‌ಗೆ ಹೋದೆ. ಅಲ್ಲಿನ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಮಾತು ಮೆಲ್ಲಗೆ, ಕಣ್ಣು ಮಾತ್ರ ನಮ್ಮ ಕಸುಬಿನವರ ಹಾಗೆ ಒಂದೇ ನೋಟದಲ್ಲಿ ಮೇಲಿನಿಂದ ಕೆಳಗಿನ ತನಕ ಅಳೆಯುವಂಥದ್ದು. ಗಾಯ ತೊಳೆದು ಪಟ್ಟಿ ಕಟ್ಟಿ ಟಿ.ಟಿ. ಇಂಜೆಕ್ಷನ್ ಕೊಡುವಾಗ ನಾನು ಮುಖ ಆ ಕಡೆ ತಿರುಗಿಸಿ ಬಗ್ಗಿದ್ದೆ. ಸೂಜಿ ತೆಗೆದ ಮೇಲೂ ಅವರು ಹಿಂದೆಯೇ ನಿಂತಿದ್ದರು.

"ಕುತ್ತಿಗೆ ಯಾವಾಗಿಂದ ಹೀಗಿದೆ?" ಅಂದರು.

ನನ್ನ ಕುತ್ತಿಗೆಯ ಹಿಂಭಾಗ ಕಪ್ಪು. ಬಣ್ಣದ ಕಪ್ಪಲ್ಲ, ನಮ್ಮ ಮನೆಯವರೆಲ್ಲ ಎಣ್ಣೆಗೆಂಪು ಬಣ್ಣದವರು. ಇದು ಮಡಿಕೆ ಮಡಿಕೆಯಾಗಿ, ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪ ತಗಲುವ ಕಪ್ಪು. ಅದರ ಸುತ್ತ ಸಾಸಿವೆ ಕಾಳಿನಷ್ಟು ಚರ್ಮದ ಗಂಟುಗಳು.

"ಸರ ಉಜ್ಜಿ ಉಜ್ಜಿ ಆಗಿದೆ ಮೇಡಂ. ಆಮೇಲೆ ಬಿಸಿಲು."

"ಕಂಕುಳಲ್ಲೂ ಇದೆಯಾ?"

"ಇದೆ."

"ಅಲ್ಲಿಗೂ ಸರ ಹಾಕ್ಕೋತೀರಾ?"

ನಗು ಬಂತು. ಅವರು ನಗಲಿಲ್ಲ. ಊಟ, ನಿದ್ದೆ, ಮುಟ್ಟು ಎಲ್ಲ ಕೇಳಿದರು. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯಾ ಅಂದರು. ಇದೆ, ಬಲಗಾಲಿನ ಎರಡು ಬೆರಳು ತೆಗೆದಿದ್ದಾರೆ ಅಂದೆ. ಆಮೇಲೆ ಸೊಂಟದ ಅಳತೆ ಎಷ್ಟು ಅಂತ ಕೇಳಿದರು.

ಊರಿನ ಅರ್ಧ ಹೆಂಗಸರ ಅಳತೆ ನನ್ನ ಪುಸ್ತಕದಲ್ಲಿದೆ. ನನ್ನದು ಇಲ್ಲ. ಟೇಲರ್ ತನ್ನ ಮೈಗೆ ತಾನೇ ಟೇಪು ಹಿಡಿಯುವುದಿಲ್ಲ, ಹಳೆಯ ರವಿಕೆ ಇಟ್ಟುಕೊಂಡು ಸ್ವಲ್ಪ ಬಿಟ್ಟು ಕತ್ತರಿಸುತ್ತಾಳೆ. ನರ್ಸ್ ಟೇಪು ತಂದು ಸುತ್ತಿದರು. ಅದು ಎಳೆದು ಎಳೆದು ಹಿಗ್ಗಿದ ಹಳೇ ಬಟ್ಟೆ ಟೇಪು. ಹಿಗ್ಗಿದ ಟೇಪು ಕಡಿಮೆ ತೋರಿಸುತ್ತದೆ ಎಂದು ನನಗೆ ಗೊತ್ತು. ಕಡಿಮೆ ತೋರಿಸಿಯೂ ಬಂದ ಅಂಕಿಯನ್ನು ಟೇಪು ಕೈಗೆ ತಗೊಂಡು ಮತ್ತೊಮ್ಮೆ ಓದಿದೆ.

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೋ ಮದುವೆಗೋ ರವಿಕೆ ಹೊಲಿಸಲು ಬರುವವರು "ಹೋದ ಸಲದ್ದೇ ಅಳತೆ ಕಣ್ರೀ" ಅನ್ನುತ್ತಾರೆ. ಹೋದ ಸಲದ್ದಲ್ಲ ಎಂದು ನೋಡಿದ ಕೂಡಲೇ ನಮಗೆ ಕಾಣುತ್ತದೆ. ಬಾಯಿ ಬಿಟ್ಟು ಹೇಳುವುದಿಲ್ಲ. ಪುಸ್ತಕದಲ್ಲಿ ಹಳೆಯದನ್ನೇ ಬಿಟ್ಟು, ಕತ್ತರಿಸುವಾಗ ಸುಮ್ಮನೆ ಅರ್ಧ ಇಂಚು ಸೇರಿಸುತ್ತೇವೆ. ಪಕ್ಕದಲ್ಲಿ ಎರಡು ಹೊಲಿಗೆ ಹಾಕಿ ಒಳಗೆ ಬಟ್ಟೆ ಬಿಡುತ್ತೇವೆ, ಬಿಗಿಯಾದರೆ ಒಂದನ್ನು ಬಿಚ್ಚಿಕೊಳ್ಳಲಿ ಅಂತ. ಮರ್ಯಾದೆಯ ಮಾತು ಅದು. ಗಿರಾಕಿಗೂ ಸಂತೋಷ, ನಮಗೂ ನೆಮ್ಮದಿ. ನನ್ನ ಮೈಗೂ ಅದೇ ಮರ್ಯಾದೆ ತೋರಿಸುತ್ತ ಬಂದಿದ್ದೆ. ಮಗಳ ಸ್ಕೂಲ್ ಯೂನಿಫಾರಂಗೂ ಅದೇ. ಅವಳಿಗೂ ಹೇಳದೆ, ನಾನೂ ಯೋಚಿಸದೆ, ಹೊಲಿಗೆ ಬಿಚ್ಚಿ ಬಿಚ್ಚಿ ಕೊಟ್ಟಿದ್ದೆ.

ರಕ್ತ ಕೊಟ್ಟು, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ, ರಿಪೋರ್ಟಿಗೆ ಕಾಯುವ ಮೂರು ದಿನ ನನಗೆ ಅವ್ವನ ಕಾಲೇ ಕಣ್ಣ ಮುಂದೆ ಬರುತ್ತಿತ್ತು. ಅಂಗಡಿಯಲ್ಲಿ ಪೆಡಲ್ ತುಳಿಯುವಾಗ ನನ್ನ ಪಾದ ನಾನೇ ನೋಡಿಕೊಳ್ಳುತ್ತಿದ್ದೆ. ಕಾಲಿಲ್ಲದ ಟೇಲರ್ ಏನು ಮಾಡಬೇಕು ಅನ್ನುವ ಮಟ್ಟಕ್ಕೆ ಯೋಚನೆ ಹೋಗಿತ್ತು. ರಿಪೋರ್ಟ್ ತಗೊಳ್ಳಲು ಹೋದ ದಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ, ಗುರುತಿಲ್ಲ ಪರಿಚಯವಿಲ್ಲ, ನಾನು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು ನೋಡಿ ತನ್ನ ಚೀಲದಿಂದ ಎರಡು ಎಲೆ ತುಳಸಿ ತೆಗೆದು ಕೊಟ್ಟರು. "ಬಾಯಲ್ಲಿ ಇಟ್ಕೊ ಮಗ, ಎದೆ ತಣ್ಣಗಾಯ್ತದೆ." ಅದರಿಂದ ಏನಾಗುತ್ತದೋ ಬಿಡುತ್ತದೋ, ಆ ಹೊತ್ತಿಗೆ ನನಗೆ ಅಳು ನಿಲ್ಲಿಸಲು ಅಷ್ಟು ಸಾಕಾಯಿತು.

ಡಾಕ್ಟರು ರಿಪೋರ್ಟ್ ನೋಡಿ, ಇದು ಇನ್ಸುಲಿನ್ ರೆಸಿಸ್ಟೆನ್ಸ್, ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಅದರ ಬಾಗಿಲ ಹತ್ತಿರ ಬಂದು ನಿಂತಿದ್ದೀರಿ ಅಂದರು. ಲಿವರ್ ಮೇಲೆ ಕೊಬ್ಬು ಕೂತಿತ್ತು. ಪುಸ್ತಕದ ವಿವರಣೆ ನನಗೆ ಬರುವುದಿಲ್ಲ, ಅವರು ಹೇಳಿದ್ದರಲ್ಲಿ ನನ್ನ ತಲೆಗೆ ಹೋದದ್ದು ಇಷ್ಟು. ಆಟ ಆಡುವ ಮಗುವನ್ನು ಊಟಕ್ಕೆ ಕರೆದರೆ ಮೊದಲ ಸಲ ಕಿವಿಗೆ ಹಾಕಿಕೊಳ್ಳುವುದಿಲ್ಲ, ನಾವು ಇನ್ನೂ ಜೋರಾಗಿ ಕೂಗುತ್ತೇವೆ, ಅದು ಇನ್ನೂ ಕಿವುಡಾಗುತ್ತದೆ. ಮೈಯೊಳಗೆ ಇನ್ಸುಲಿನ್ ಹಾಗೆ ಕೂಗುತ್ತಲೇ ಇರುತ್ತದೆ, ಮೈ ಕೇಳುವುದಿಲ್ಲ. ಆ ಕೂಗಾಟದ ಗುರುತೇ ಕುತ್ತಿಗೆಯ ಕಪ್ಪು. ನನ್ನ ನಿದ್ದೆ, ಹಸಿವು, ಮುಟ್ಟು ಎಲ್ಲಕ್ಕೂ ಅದರ ನಂಟಿದೆ. ಹೀಗೇ ಬಿಟ್ಟರೆ ಮುಂದೆ ಸಕ್ಕರೆ, ಬಿ.ಪಿ., ಹೃದಯ ಎಲ್ಲಕ್ಕೂ ಇದೇ ದಾರಿ.

"ಉಜ್ಜಿದರೆ ಹೋಗುತ್ತಾ ಮೇಡಂ?" ಅಂದೆ.

"ಕೊಳೆ ಅಲ್ವಲ್ಲ, ಹೇಗೆ ಹೋಗುತ್ತೆ? ಉಜ್ಜಿದರೆ ಇನ್ನೂ ದಪ್ಪ ಆಗುತ್ತೆ." ಮಾತ್ರೆ ಬರೆಯುತ್ತ ತಲೆ ಎತ್ತದೆ ಕೇಳಿದರು. "ಮನೇಲಿ ಇನ್ಯಾರಿಗಾದ್ರೂ ಹೀಗಿದೆಯಾ? ಮಕ್ಕಳಿಗೆ?"

"ಇಲ್ಲ ಮೇಡಂ."

ಅಷ್ಟು ಬೇಗ, ಅಷ್ಟು ಸಲೀಸಾಗಿ ಬಂತು ಸುಳ್ಳು. ನನಗೆ ಒಬ್ಬಳೇ ಮಗಳು, ಹರ್ಷಿತಾ. ಆಗ ಹದಿನಾಲ್ಕು ವರ್ಷ. ಅವಳ ಕುತ್ತಿಗೆ ನನ್ನದರ ಹಾಗೇ ಇತ್ತು.

ಮೂರು ವರ್ಷದಿಂದ ಪ್ರತಿ ಭಾನುವಾರ ನಾನು ಅದನ್ನು ಉಜ್ಜುತ್ತಿದ್ದೆ. ಮೊದಲು ಕಡಲೆಹಿಟ್ಟು, ಆಮೇಲೆ ನಿಂಬೆಹಣ್ಣಿನ ಹೋಳಿಗೆ ಸಕ್ಕರೆ ಹಚ್ಚಿ, ಅದಕ್ಕೂ ಬಗ್ಗದಿದ್ದಾಗ ತೆಂಗಿನ ನಾರು. "ಸ್ನಾನ ಮಾಡೋದು ಅಂದ್ರೆ ನೀರು ಸುರ್ಕೊಂಡು ಬರೋದಲ್ಲ, ಕುತ್ತಿಗೆ ತೊಳ್ಕೊಳ್ಳೋಕೆ ಏನು ರೋಗ" ಎಂದು ಬೈಯುತ್ತಲೇ ಉಜ್ಜುತ್ತಿದ್ದೆ. ಒಂದು ಸಲ ಚರ್ಮ ಕಿತ್ತು ರಕ್ತ ಜಿನುಗಿತ್ತು. ಅವಳು ಅಮ್ಮ ಸಾಕು ಅಮ್ಮ ಸಾಕು ಅನ್ನುವಾಗ ಇನ್ನು ಸ್ವಲ್ಪ ತಡ್ಕೊ, ಬಿಡ್ತಾ ಇದೆ ಅಂದಿದ್ದೆ. ಏನೂ ಬಿಡುತ್ತಿರಲಿಲ್ಲ. ಅವಳು ಬೇಸಿಗೆಯಲ್ಲೂ ಜಡೆ ಬಿಚ್ಚಿ ಹರಡಿಕೊಂಡು ಓಡಾಡಲು ಶುರು ಮಾಡಿದ್ದು, ವೇಲನ್ನು ಕುತ್ತಿಗೆಗೆ ಸುತ್ತಿಕೊಳ್ಳುತ್ತಿದ್ದದ್ದು ನೋಡಿಯೂ ವಯಸ್ಸಿನ ಹುಡುಗಿಯರ ಒಯ್ಯಾರ ಅಂದುಕೊಂಡಿದ್ದೆ.

ಡಾಕ್ಟರ ಮುಂದೆ ಯಾಕೆ ಇಲ್ಲ ಅಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆಣ್ಣು ಹುಡುಗಿಗೆ ಕಾಯಿಲೆ ಅನ್ನುವ ಹೆಸರು ಅಂಟಿಕೊಳ್ಳುತ್ತದೆ ಅನ್ನುವ ಭಯ ಇತ್ತು, ಅದು ನಿಜ. ಅದಕ್ಕಿಂತ ದೊಡ್ಡ ಕಾರಣ, ಹೌದು ಅಂದರೆ ಆ ಭಾನುವಾರಗಳನ್ನೆಲ್ಲ ನಾನು ಒಪ್ಪಿಕೊಳ್ಳಬೇಕಿತ್ತು. ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ.

ಮನೆಯಲ್ಲಿ ನನ್ನ ಗಂಡ ಮಹದೇವನಿಗೆ ಹೇಳಿದೆ. ಅವರು ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದವರು, ಕಮ್ಮಿ ಮಾತಿನ ಮನುಷ್ಯ. ರಿಪೋರ್ಟನ್ನು ಎರಡು ಸಲ ತಿರುಗಿಸಿ ನೋಡಿದರು.

"ಶುಗರ್ ಇಲ್ಲ ಅಂತಾನೂ ಬರೆದವ್ರೆ, ಮಾತ್ರೆನೂ ಕೊಟ್ಟವ್ರೆ. ಕಾಯಿಲೆ ಅದೋ ಇಲ್ವೋ?"

"ಬರೋದ್ರಲ್ಲಿದೆ ಅಂತೆ."

"ಬಂದ್ಮೇಲೆ ನೋಡ್ಕಬಹುದಲ್ಲ ಮತ್ತೆ."

ಈ ಮಾತನ್ನು ನಾನು ಆಮೇಲೆ ಹತ್ತು ಜನರ ಬಾಯಲ್ಲಿ ಕೇಳಿದೆ. ಕಾಯಿಲೆ ಬಂದರೆ ಕಿತ್ತಳೆ ಹಣ್ಣು ಹಿಡಿದು ನೋಡಲು ಬರುತ್ತಾರೆ. ಬಾಗಿಲ ಹತ್ತಿರ ನಿಂತ ಕಾಯಿಲೆಗೆ ಯಾರೂ ಬರುವುದಿಲ್ಲ, ಮುದ್ದೆ ಅರ್ಧ ಮಾಡಿದರೆ "ತೆಳ್ಳಗಾಗೋಕೆ ಏನ್ ಅವಸ್ಥೆ" ಅಂತ ಚೇಷ್ಟೆ ಮಾಡುತ್ತಾರೆ. ಮಾತ್ರೆ ಶುರುವಾದ ಮೊದಲ ಎರಡು ವಾರ ಹೊಟ್ಟೆ ತೊಳಸಿ, ಭೇದಿಯಾಗಿ, ಅಂಗಡಿಯಿಂದ ಮನೆಗೆ ಓಡಿದ್ದೇ ಓಡಿದ್ದು. ಅದನ್ನು ಹೇಳಿಕೊಳ್ಳುವ ಹಾಗೂ ಇಲ್ಲ. ಹೀಗಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು, ಅದು ಕಡಿಮೆಯಾಗುತ್ತದೆ. ಆಗದಿದ್ದರೆ ಮಾತ್ರೆ ನೀವೇ ಬಿಡಬೇಡಿ, ಹೋಗಿ ಡಾಕ್ಟರಿಗೆ ಹೇಳಿ.

ಆ ಭಾನುವಾರದಿಂದ ಹರ್ಷಿತಾಳ ಕುತ್ತಿಗೆ ಉಜ್ಜುವುದನ್ನು ನಿಲ್ಲಿಸಿದೆ. ಯಾಕೆ ಎಂದು ಹೇಳಲಿಲ್ಲ. "ನೀನೇ ಮಾಡ್ಕೊಂಡ್ ಬಾ ಸ್ನಾನ" ಅಂದೆ. ಅವಳು ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ ಒಳಗೆ ಹೋದಳು. ನಾಳೆ ಹೇಳೋಣ, ಈ ವಾರ ಕಳೆಯಲಿ ಎಂದು ದಿನ ದೂಡಿದೆ. ಹೇಳಿದರೆ ಯಾವ ಮುಖದಲ್ಲಿ ಹೇಳುವುದು?

ಜೂನ್‌ನಲ್ಲಿ ಸ್ಕೂಲು ತೆರೆಯಿತು. ಒಂಬತ್ತನೇ ಕ್ಲಾಸಿಗೆ ಹೊಸ ಯೂನಿಫಾರಂ ಬಟ್ಟೆ ಕೊಟ್ಟಿದ್ದರು. ನಾನು ಅದು ಮನೆಯಲ್ಲೇ ಇದೆ ಅಂದುಕೊಂಡಿದ್ದೆ. ಒಂದು ಸಂಜೆ ಬಜಾರಿನ ಟೇಲರ್, ನನಗೆ ಹಳೆಯ ಪರಿಚಯದ ಹುಡುಗ, ದಾರ ಸುತ್ತುವ ಬಾಬಿನ್ ಕೇಳುವ ನೆಪದಲ್ಲಿ ಅಂಗಡಿಗೆ ಬಂದ.

"ಏನಕ್ಕ, ಮಗಳ ಚೂಡಿದಾರ ನಮ್ಗೆ ಕಳ್ಸಿದ್ದೀರಲ್ಲ. ಬೆರಳು ಇನ್ನೂ ವಾಸಿ ಆಗ್ಲಿಲ್ವಾ?"

ಟೇಲರ್ ಮನೆಯ ಹುಡುಗಿ ಬೇರೆ ಟೇಲರ್‌ಗೆ ಬಟ್ಟೆ ಕೊಟ್ಟಿದ್ದಾಳೆ. ಈ ಕಸುಬಿನಲ್ಲಿ ಅದಕ್ಕಿಂತ ಅವಮಾನ ಬೇರೆ ಇಲ್ಲ. ಬೆರಳು ವಾಸಿಯಾಗಿ ತಿಂಗಳಾಗಿತ್ತು. "ಹೂಂ ಕಣಪ್ಪ, ಇನ್ನೂ ನೋವದೆ" ಅಂದೆ. ಅವನು ಹೋದ ಮೇಲೆ ಶಟರ್ ಎಳೆದು ಮನೆಗೆ ಹೋದೆ. ಕೋಪದಿಂದ ಮೈ ಉರಿಯುತ್ತಿತ್ತು.

ಅವಳು ಓದುತ್ತ ಕೂತಿದ್ದಳು. ಕೇಳಿದೆ.

"ಕಾಲರ್ ಇಡಿಸ್ಕೊಂಡೆ," ಅಂದಳು. "ನೀನಾದ್ರೆ ಯಾಕೆ ಅಂತ ಕೇಳ್ತಿದ್ದೆ."

"ಕೇಳಿದ್ರೆ ಏನಾಯ್ತು? ಹೇಳಬಹುದಿತ್ತಲ್ಲ."

"ನೀನು ಅಳತೆ ತಗೊಳ್ಳೋವಾಗ ಕುತ್ತಿಗೆ ಹತ್ರ ಬಂದ್ರೆ ನಿನ್ ಕೈ ನಿಂತ್ಬಿಡುತ್ತೆ. ಆ ಅಣ್ಣ ಅಳತೆ ತಗೊಂಡು ಬರ್ಕೊಂಡ್ರು, ಅಷ್ಟೇ."

ಬಾಯಿಗೆ ಬಂದಿದ್ದ ಬೈಗುಳವೆಲ್ಲ ಒಳಗೇ ಹೋಯಿತು. ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಒಲೆಯ ಮೇಲೆ ಸಾರು ಉಕ್ಕುತ್ತಿದೆ ಎಂದು ಅಡುಗೆಮನೆಗೆ ಹೋದೆ, ಒಲೆ ಹಚ್ಚಿಯೇ ಇರಲಿಲ್ಲ.

ಅದಾದ ಮುಂದಿನ ವಾರ ಅವ್ವನನ್ನು ನೋಡಲು ಬನ್ನೂರಿಗೆ ಹೋದೆವು, ನಾನು ಮತ್ತು ಹರ್ಷಿತಾ. ಟಿ. ನರಸೀಪುರದಲ್ಲಿ ಇಳಿದು ಬಸ್ಸು ಬದಲಿಸಬೇಕು. ಅವ್ವ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಎರಡು ಬೆರಳು ಹೋದ ಕಾಲನ್ನು ಮಣೆಯ ಮೇಲಿಟ್ಟುಕೊಂಡು ಅಲಸಂದೆಕಾಯಿ ಸುಲಿಯುತ್ತ ಕೂತಿದ್ದಳು. ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು ಕೂದಲು ಸವರಿದಳು. ಸವರುತ್ತ ಕೂದಲು ಪಕ್ಕಕ್ಕೆ ಸರಿಯಿತು.

"ಏನ್ ಮಗ ಇದು, ಕತ್ತು ಇಂಗ್ ಕರ್ರಗಾಗದೆ. ನಿಮ್ಮವ್ವ ಉಜ್ಜಾಕಿಲ್ವಾ? ಬಟ್ಟೆ ಒಲಿಯೋದ್ರಲ್ಲೇ ಇರ್ತಾಳೆ ಅನ್ಸತ್ತೆ. ಬಾ ಇಲ್ಲಿ ಬಚ್ಲಿಗೆ, ನಾನುಜ್ತೀನಿ."

ಹರ್ಷಿತಾ ತಲೆ ಬಗ್ಗಿಸಿ ಎದ್ದು ನಿಂತಳು, ಬಚ್ಚಲ ಕಡೆಗೆ ಹೋಗಲು ಸಿದ್ಧವಾಗಿ. ಅವಳು ಬೇಡ ಅಂದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಹಾಗೆ ಒಪ್ಪಿಕೊಂಡು ಎದ್ದದ್ದು ನೋಡಿ ನನಗೆ ತಡೆಯಲಾಗಲಿಲ್ಲ.

"ಮುಟ್ಬೇಡ ಕಣವ್ವ. ಅದು ಕೊಳೆ ಅಲ್ಲ."

"ಕೊಳೆ ಅಲ್ದೆ ಇನ್ನೇನು?"

"ಮೈಯೊಳಗಿನ ಕಾಯಿಲೆ ಗುರ್ತು. ನಂಗೂ ಅದೇ ಇರೋದು. ಸಕ್ಕರೆ ಕಾಯಿಲೆ ಬರೋಕೆ ಮುಂಚೆ ಇಂಗಾಯ್ತದಂತೆ. ಉಜ್ಜಿದ್ರೆ ಓಗಲ್ಲ, ಡಾಕ್ಟ್ರು ಏಳವ್ರೆ."

"ಯಾವಾಗ ಏಳುದ್ರು?"

"ಆರು ವಾರ ಆಯ್ತು."

ಅವ್ವನ ಕೈ ಅಲಸಂದೆಕಾಯಿಯ ಮೊರದ ಮೇಲೇ ನಿಂತಿತು. ಆಮೇಲೆ ನಿಧಾನವಾಗಿ ಸೆರಗು ಸರಿಸಿ ತನ್ನ ಕುತ್ತಿಗೆಯ ಹಿಂದೆ ತಾನೇ ಮುಟ್ಟಿ ನೋಡಿಕೊಂಡಳು. ಅವಳಿಗೂ ಅದೇ ಕಪ್ಪು ಇದೆ. ಇಷ್ಟು ವರ್ಷ ನೋಡಿದ್ದೇನೆ, ಕಂಡಿರಲಿಲ್ಲ.

"ನಮ್ಮವ್ವ ನಂಗೆ ಇಟ್ಟಿಗೆ ಪುಡಿ ಆಕಿ ಉಜ್ತಿದ್ಲು," ಅಂದಳು. "ನಾನು ನಿಂಗೆ ಉಜ್ದೆ. ನೀನು ಓಡೋಗಿ ಕಣದಲ್ಲಿ ಬಚ್ಚಿಟ್ಕೊಂಡ್ರೂ ಎಳ್ಕಂಡ್ ಬಂದು ಉಜ್ದೆ. ಸುಮ್ಸುಮ್ಕೇ ಅಳ್ಸುದ್ನಲ್ಲ ಮಗ ನಿನ್ನ."

ಅವ್ವ ಕಾಲಿನ ಬೆರಳು ತೆಗೆದ ದಿನವೂ ಅತ್ತವಳಲ್ಲ. ಅವತ್ತು ಅತ್ತಳು. ನಾನು ಅವಳ ಪಕ್ಕ ಕೂತು ಬೆನ್ನು ಸವರಿದೆ, ನಿನಗೇನು ಗೊತ್ತಿತ್ತು ಬಿಡವ್ವ ಅಂದೆ. ಅದು ಅವಳ ವಿಷಯಕ್ಕೆ ನಿಜವಾದ ಮಾತು. ಅವಳಿಗೆ ಗೊತ್ತಿರಲಿಲ್ಲ.

ಹರ್ಷಿತಾ ಇನ್ನೂ ಅಲ್ಲೇ ನಿಂತಿದ್ದಳು. "ಆರು ವಾರದಿಂದ ಗೊತ್ತಿತ್ತಾ ನಿಂಗೆ?" ಅಂದಳು, ಮೆಲ್ಲಗೆ.

ನಾನು ತಲೆಯಾಡಿಸಿದೆ.

"ನೀನು ಉಜ್ಜೋದು ಬಿಟ್ಟಿದ್ದಕ್ಕೆ, ಇದು ಇನ್ನು ಹೋಗಲ್ಲ ಅಂತ ನನ್ನ ಕೈ ಬಿಟ್ಟೆ ಅಂದ್ಕೊಂಡಿದ್ದೆ. ನಾನೇ ಉಜ್ಕೊಳ್ತಿದ್ದೆ ಅಮ್ಮ. ದಿನಾ."

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಅವಳು ಮುಂದೆ ಹೋಗಿ ಕೂತಳು. ನರಸೀಪುರದಿಂದ ನಂಜನಗೂಡಿನ ತನಕ ಒಮ್ಮೆಯೂ ತಿರುಗಿ ನೋಡಲಿಲ್ಲ. ನನ್ನ ಕಾಯಿಲೆಯಲ್ಲಿ ನಾನು ಪಟ್ಟ ಕಷ್ಟವೆಲ್ಲ ಒಂದು ತೂಕ, ಆ ಬಸ್ಸಿನ ಪ್ರಯಾಣ ಒಂದು ತೂಕ.

ಮಾರನೇ ದಿನ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವೇಲನ್ನು ಕುತ್ತಿಗೆಗೆ ಸುತ್ತಿಕೊಂಡೇ ಬಂದಳು. ಒಳಗೆ ಹೋದ ಕೂಡಲೇ ನಾನೇ ಹೇಳಿದೆ. "ಹೋದ ಸಲ ಸುಳ್ಳು ಹೇಳಿದೆ ಮೇಡಂ. ಇವಳಿಗೂ ಇದೆ. ಮೂರು ವರ್ಷದಿಂದ ಇದೆ. ನಾರು ಹಾಕಿ ಉಜ್ಜಿದ್ದೀನಿ."

ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. "ಇಲ್ಲಿಗೆ ಬರೋ ಅಮ್ಮಂದಿರಲ್ಲಿ ಉಜ್ಜದೆ ಬಂದೋರು ಕಮ್ಮಿ. ಈಗ ಕರ್ಕೊಂಡು ಬಂದಿದ್ದೀರಲ್ಲ" ಅಂದರು. ಆಮೇಲೆ, "ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ, ನಾನು ಇವಳ ಹತ್ರ ಮಾತಾಡ್ತೀನಿ" ಅಂದರು. ಮಗಳ ವಿಷಯ ಮಾತಾಡುವಾಗ ತಾಯಿಯನ್ನು ಹೊರಗೆ ಕಳಿಸುತ್ತಾರೆ ಎಂದು ಮೊದಲು ಚುರುಕ್ಕೆಂದಿತು. ಬೆಂಚಿನ ಮೇಲೆ ಕೂತೆ. ಬಾಗಿಲ ಆ ಕಡೆ ಹತ್ತು ನಿಮಿಷ ಏನೂ ಕೇಳಲಿಲ್ಲ. ಆಮೇಲೆ ಅವಳು ಅಳುವುದು ಕೇಳಿತು, ಅದರ ಹಿಂದೆಯೇ ಡಾಕ್ಟರ ಮೆಲ್ಲಗಿನ ದನಿ. ಮತ್ತೂ ಸ್ವಲ್ಪ ಹೊತ್ತಿಗೆ ಅವಳು ನಕ್ಕಿದ್ದು ಕೇಳಿತು. ಒಳಗೆ ಏನು ಮಾತಾಡಿದರು ಎಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ.

ರಿಪೋರ್ಟ್ ಬಂತು. ನನ್ನ ದಾರಿಯೇ, ಆದರೆ ಇನ್ನೂ ಬಹಳ ಹಿಂದೆ ಇದ್ದಳು. ಸಕ್ಕರೆ ಇರಲಿಲ್ಲ, ಲಿವರ್ ಚೆನ್ನಾಗಿತ್ತು. ಮಾತ್ರೆ ಬೇಡ ಅಂದರು. "ಮನೆಯವರೆಲ್ಲ ಒಂದೇ ಥರದ ಊಟ ಮಾಡಿ. ಇವಳಿಗೆ ಬೇರೆ ತಟ್ಟೆ ಬೇಡ. ದಿನಾ ಇಬ್ರೂ ಒಟ್ಟಿಗೆ ನಡೀರಿ."

ಒಟ್ಟಿಗೆ ನಡೆಯುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಬೆಳಿಗ್ಗೆ ಹೊಳೆಯ ಕಡೆ ಹೊರಟರೆ ಅವಳು ನನಗಿಂತ ಹತ್ತು ಮಾರು ಮುಂದೆ. ನಾನು ಬೇಗ ಹೆಜ್ಜೆ ಹಾಕಿದರೆ ಅವಳೂ ಬೇಗ. ಕಪಿಲೆಯ ಮೆಟ್ಟಿಲಲ್ಲಿ ಸ್ನಾನಕ್ಕೆ ಬಂದವರು ತಾಯಿ ಮಗಳು ಓಟದ ಪಂದ್ಯ ಕಟ್ಟಿದ್ದಾರೆ ಅಂದುಕೊಂಡಿರಬೇಕು. ಮಾತಿಲ್ಲದೆ ಒಂದು ತಿಂಗಳು ನಡೆದೆವು. ಒಂದು ದಿನ ನನಗೆ ಏದುಸಿರು ಬಂದು ಕಟ್ಟೆಯ ಮೇಲೆ ಕೂತುಬಿಟ್ಟೆ. ಅವಳು ತಿರುಗಿ ಬಂದಳು. ನೀರಿನ ಬಾಟಲಿ ಮುಂದೆ ಹಿಡಿದಳು. ಮಾರನೇ ದಿನದಿಂದ ಐದು ಮಾರು ಮುಂದೆ ನಡೆದಳು. ಅಷ್ಟೇ ನನ್ನ ಸಂಪಾದನೆ.

ಮಹದೇವ ಅವರೂ ಬದಲಾದರು, ಅವರದೇ ರೀತಿಯಲ್ಲಿ. "ಬಂದ್ಮೇಲೆ ನೋಡ್ಕಬಹುದು" ಅಂದ ಮನುಷ್ಯ ಮಗಳ ರಿಪೋರ್ಟ್ ನೋಡಿದ ದಿನದಿಂದ ಮನೆಗೆ ಬೇಕರಿ ಪೊಟ್ಟಣ ತರುವುದು ಬಿಟ್ಟರು. ತಟ್ಟೆಯಲ್ಲಿ ಮೊದಲು ಪಲ್ಯ ಸೊಪ್ಪು, ಆಮೇಲೆ ಮುದ್ದೆ, ಅನ್ನ ಕೊನೆಗೆ ಒಂದು ಸೌಟು. ಅನ್ನವನ್ನೇ ಉಂಡು ಬೆಳೆದ ಬನ್ನೂರಿನವಳಿಗೆ ಅದು ಎಂಥ ಸಂಕಟ ಎಂದು ಭತ್ತದ ನಾಡಿನವರಿಗೆ ಗೊತ್ತು. ಊಟವಾದ ಕೂಡಲೇ ಮಷೀನಿಗೆ ಕೂರದೆ ಅಂಗಡಿಯ ಬೀದಿಯಲ್ಲಿ ಎರಡು ಸುತ್ತು ಹಾಕಲು ಶುರು ಮಾಡಿದೆ. ಒದ್ದೆ ಕಂಬಳಿ ಮೆಲ್ಲಮೆಲ್ಲಗೆ ಹಗುರವಾಯಿತು. ನಾಲ್ಕನೇ ತಿಂಗಳಿಗೆ ಮುಟ್ಟು ಲೆಕ್ಕಕ್ಕೆ ಬಂತು. ಇದು ವಾಸಿಯಾಯಿತು ಎಂದು ಹೇಳಲು ಬರುವುದಿಲ್ಲ, ಮದುವೆ ಸೀಸನ್ನಿನಲ್ಲಿ ಹೊತ್ತು ಗೊತ್ತಿಲ್ಲದೆ ಹೊಲಿದು, ಸಿಕ್ಕಿದ್ದು ತಿಂದ ವಾರ ಮತ್ತೆ ಅದೇ ಸುಸ್ತು ಬಂದು ನಿಲ್ಲುತ್ತದೆ. ಈಗ ಅದು ಯಾರು ಎಂದು ನನಗೆ ಗೊತ್ತು, ಅಷ್ಟು ವ್ಯತ್ಯಾಸ.

ಅಂಗಡಿಯಲ್ಲೂ ಅರ್ಧ ಇಂಚಿನ ಮರ್ಯಾದೆ ಬಿಟ್ಟಿದ್ದೇನೆ. ಅಳತೆ ಹೆಚ್ಚಾಗಿದ್ದರೆ ಹೆಚ್ಚಾಗಿದೆ ಅನ್ನುತ್ತೇನೆ, ಕುತ್ತಿಗೆ ಕಪ್ಪಾಗಿದ್ದರೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ ಅನ್ನುತ್ತೇನೆ. ಇಬ್ಬರು ಗಿರಾಕಿ ಮುನಿಸಿಕೊಂಡು ಬೇರೆ ಕಡೆ ಹೋದರು. ಒಬ್ಬರು ಪರೀಕ್ಷೆ ಮಾಡಿಸಿಕೊಂಡು ಬಂದು ನನ್ನ ಕೈ ಹಿಡಿದುಕೊಂಡು ಕೂತರು.

ಹರ್ಷಿತಾ ಮಾತ್ರ ಕಾಲರ್ ಬಿಟ್ಟಿರಲಿಲ್ಲ. ಮನೆಯಲ್ಲಿ ಮಾತು ಶುರುವಾಗಿತ್ತು, ಬೇಕಾದಷ್ಟು ಮಾತ್ರ. ಊಟ ಆಯ್ತಾ, ಸ್ಕೂಲ್ ಫೀಸ್, ನಾಳೆ ಪರೀಕ್ಷೆ. ನಾನು ಹತ್ತಿರ ಹೋದರೆ ಅವಳ ಭುಜ ತಾನಾಗಿಯೇ ಮೇಲೇರಿ ಕುತ್ತಿಗೆಯನ್ನು ಮುಚ್ಚಿಕೊಳ್ಳುತ್ತಿತ್ತು. ಬೇಕಂತ ಮಾಡುತ್ತಿದ್ದದ್ದಲ್ಲ, ಮೈ ಕಲಿತ ಪಾಠ ಅದು. ಕಲಿಸಿದವಳು ನಾನೇ.

ಆರು ತಿಂಗಳ ತಪಾಸಣೆಗೆ ಇಬ್ಬರೂ ಕ್ಲಿನಿಕ್ಕಿಗೆ ಹೋಗಿದ್ದೆವು. ಜನ ಇದ್ದರು. ಎದುರಿನ ಬೆಂಚಿನಲ್ಲಿ ಒಬ್ಬ ತಾಯಿ, ಜೊತೆಗೆ ಒಂಬತ್ತು ಹತ್ತು ವರ್ಷದ ದುಂಡು ದುಂಡಾದ ಹುಡುಗಿ. ಜ್ವರಕ್ಕೆ ಬಂದಿದ್ದರೋ ಏನೋ. ಡಾಕ್ಟರ ಮುಂದೆ ಮಗು ಚೊಕ್ಕಟವಾಗಿ ಕಾಣಲಿ ಎಂದು ಆ ತಾಯಿ ಬಾಟಲಿ ನೀರಲ್ಲಿ ಸೆರಗಿನ ತುದಿ ನೆನೆಸಿ ಅವಳ ಕುತ್ತಿಗೆ ಉಜ್ಜಲು ಶುರು ಮಾಡಿದರು. "ಇಷ್ಟ್ ಕೊಳೆ ಇಟ್ಕೊಂಡು ಬಂದಿದ್ದೀಯಲ್ಲ, ನಾಚ್ಕೆ ಆಗಲ್ವಾ" ಎಂದು ಪಿಸುಮಾತಲ್ಲಿ ಗದರುತ್ತಿದ್ದರು. ಹುಡುಗಿ ತುಟಿ ಕಚ್ಚಿಕೊಂಡು ಕೂತಿದ್ದಳು.

ಹೋಗಿ ಹೇಳಬೇಕು ಎಂದು ನನಗೆ ಅನಿಸಿತು. ಅಂಗಡಿಯಲ್ಲಿ ಟೇಪು ಕೈಯಲ್ಲಿದ್ದಾಗ ಇರುವ ಧೈರ್ಯ ಇಲ್ಲಿ ಬರಲಿಲ್ಲ. ಮಗಳ ಮುಂದೆ ನಾನು ಯಾವ ಬಾಯಲ್ಲಿ ಇನ್ನೊಬ್ಬ ತಾಯಿಗೆ ಉಜ್ಜಬೇಡಿ ಅನ್ನಲಿ?

ಹರ್ಷಿತಾ ಎದ್ದಳು. ಹೊರಗೆ ಹೋಗುತ್ತಾಳೆ, ಇವಳಿಗೆ ನೋಡಲಾಗುತ್ತಿಲ್ಲ ಅಂದುಕೊಂಡೆ. ಅವಳು ಎದುರಿನ ಬೆಂಚಿಗೆ ಹೋಗಿ ಆ ಹುಡುಗಿಯ ಪಕ್ಕ ಕೂತಳು. ಅಷ್ಟು ಜನ ಇದ್ದ ಕಡೆ ಎರಡೂ ಕೈಯಲ್ಲಿ ಕೂದಲು ಎತ್ತಿ ಹಿಡಿದು, ಕಾಲರ್ ಕೆಳಗೆ ಎಳೆದು, ಬೆನ್ನು ತಿರುಗಿಸಿದಳು.

"ನೋಡಿ ಆಂಟಿ, ನಂಗೂ ಇದೆ. ಇದು ಕೊಳೆ ಅಲ್ಲ. ಉಜ್ಜಬೇಡಿ, ತುಂಬ ನೋವಾಗುತ್ತೆ. ಒಳಗೆ ಹೋದಾಗ ಡಾಕ್ಟರ್‌ಗೆ ತೋರಿಸಿ."

ಆ ಹೆಂಗಸು ಸೆರಗು ಕೈಯಲ್ಲೇ ಹಿಡಿದು ಹರ್ಷಿತಾಳನ್ನೂ ನೋಡಿದರು, ತನ್ನ ಮಗಳನ್ನೂ ನೋಡಿದರು. "ನಂಗೆ ಗೊತ್ತಾಗ್ಲಿಲ್ಲ ಕಣಮ್ಮ. ದಿನಾ ಉಜ್ತಿದ್ನಲ್ಲ" ಅಂದರು.

"ಗೊತ್ತಿರಲ್ಲ ಆಂಟಿ ಯಾರಿಗೂ," ಅಂದಳು ಹರ್ಷಿತಾ. "ನಮ್ಮಮ್ಮಂಗೂ ಗೊತ್ತಿರ್ಲಿಲ್ಲ."

ಆರು ವಾರದ ಮಾತನ್ನು ಅವಳು ಎತ್ತಲಿಲ್ಲ. ಕೂದಲು ಬಿಟ್ಟು ನನ್ನ ಕಡೆ ತಿರುಗಿದಳು, ಒಂದು ಗಳಿಗೆ ನೇರವಾಗಿ ನೋಡಿದಳು. ನರ್ಸ್ ನಮ್ಮ ಹೆಸರು ಕೂಗಿದರು. ನನಗೆ ಕಣ್ಣು ಮಂಜಾಗಿ ಬಾಗಿಲು ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಅವಳೇ ಬಂದು "ಬಾಮ್ಮ, ಕರೀತಿದ್ದಾರೆ" ಎಂದು ಕೈ ಹಿಡಿದು ಎಬ್ಬಿಸಿದಳು.